ಕೃಷ್ಣಾಪುರದ ನರಸಮ್ಮಜ್ಜಿ

ತುಮಕೂರಿನಿಂದ ಪಾವಗಡದ ಬಸ್ಸು ಹತ್ತಿದರೆ ಮಧುಗಿರಿ ದಾಟಿದ ಮೇಲೆ ಒಂದು ಕಡೆ ಕರ್ನಾಟಕ ಮುಗಿಯುತ್ತದೆ. ಆಂಧ್ರದ ಹೊಲಗಳ ನಡುವೆ ಒಂದಷ್ಟು ದೂರ ಸಾಗಿದ ಬಳಿಕ ಮತ್ತೆ ಕನ್ನಡದ ಬೋರ್ಡುಗಳು ಕಾಣುತ್ತವೆ. ಹೆಚ್ಚುಕಡಿಮೆ ಎಲ್ಲ ದಿಕ್ಕಿನಲ್ಲೂ ಆಂಧ್ರವೇ ಸುತ್ತುವರಿದಿರುವ ತಾಲೂಕು ಪಾವಗಡ. ಜಿಲ್ಲಾ ಕೇಂದ್ರ ನೂರು ಕಿಲೋಮೀಟರಿನಷ್ಟು ದೂರ. ಇಲ್ಲಿ ಮನೆಯೊಳಗೆ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತವರೇ ಬಹಳ.

ಊರಿನ ಹಳೆಯ ಸಂಗತಿ ಕೇಳಿದರೆ ಯಾರಾದರೂ ಮೊದಲು ಬೆಟ್ಟ ತೋರಿಸುತ್ತಾರೆ. ಬೆಟ್ಟದ ಮೇಲೆ ಪಾಳೆಯಗಾರರ ಕಾಲದ ಕೋಟೆ ಇದೆ. ತಾಲೂಕಿನೊಳಗೇ ಇರುವ ನಿಡಗಲ್ಲು ದುರ್ಗದಲ್ಲಿ ಚೋಳರೆಂದು ಹೇಳಿಕೊಂಡ ಅರಸರು ಆಳಿದರು, ಅವರ ಶಾಸನಗಳೂ ಗುಡಿಗಳೂ ಉಳಿದಿವೆ. ಪಟ್ಟಣದ ಶನಿಮಹಾತ್ಮನ ಗುಡಿಗೆ ಎರಡೂ ರಾಜ್ಯಗಳ ಜನ ಬರುತ್ತಾರೆ. ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನಿದ್ದಾನೆ; ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಎನ್ನುವುದು ನಮ್ಮ ಕಡೆಯ ಲೆಕ್ಕ. ಮಕ್ಕಳಾಗಲಿ ಎಂದು ಹರಕೆ ಹೊರುವುದು ಈ ದೇವರಿಗೆ. ಹರಕೆ ಫಲಿಸಿ ಬಸುರಾದವಳಿಗೆ ಹೆರಿಗೆ ಮಾಡಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ಶಾಸನಗಳಲ್ಲಿಲ್ಲ, ಕೃಷ್ಣಾಪುರದಲ್ಲಿದೆ.

ಕೃಷ್ಣಾಪುರ ಪಾವಗಡ ತಾಲೂಕಿನ ಒಂದು ಸಣ್ಣ ಹಳ್ಳಿ. ಸುತ್ತ ಕಲ್ಲುಗುಡ್ಡಗಳ ಸೀಮೆ, ಮಳೆಯನ್ನೇ ನಂಬಿದ ಕಡಲೆಕಾಯಿ ಹೊಲಗಳು. ಸೂಲಗಿತ್ತಿ ನರಸಮ್ಮ ಹುಟ್ಟಿದ್ದು ಇಲ್ಲೇ, 1920ರಲ್ಲಿ. ಅವರ ಮನೆಮಾತು ತೆಲುಗು. ಓದುಬರಹ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿಗೆ ಅಂಜಿನಪ್ಪನವರ ಜೊತೆ ಮದುವೆಯಾಯಿತು. ನರಸಮ್ಮನವರ ಅಜ್ಜಿಯೂ ಸೂಲಗಿತ್ತಿಯೇ. ನರಸಮ್ಮನವರ ಐದು ಹೆರಿಗೆಗಳನ್ನು ಆ ಅಜ್ಜಿಯೇ ಮಾಡಿಸಿದರಂತೆ. ಹೀಗೆ ಬೇನೆ ತಿನ್ನುತ್ತಲೇ ಕಲಿತ ವಿದ್ಯೆ ಅದು. ಇಪ್ಪತ್ತರ ವಯಸ್ಸಿನಲ್ಲಿ, ಹತ್ತಿರದ ನೆಂಟರಲ್ಲಿ ಒಬ್ಬರಿಗೆ ನೋವು ಕಾಣಿಸಿಕೊಂಡಾಗ ಮೊದಲ ಸಲ ಮಗುವನ್ನು ಕೈಗೆ ತೆಗೆದುಕೊಂಡರು. ಅಲ್ಲಿಂದ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೈಗೆ ಬಿಡುವಿರಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಎಂದು ಲೆಕ್ಕ ಹೇಳುತ್ತಾರೆ. ಒಂದಕ್ಕೂ ಹಣ ಕೇಳಲಿಲ್ಲ.

ಹಣ ಕೇಳದೆ ಇರುವುದೆಂದರೆ ಏನೆಂದು ನಾವು ಸ್ವಲ್ಪ ನಿಂತು ಯೋಚಿಸಬೇಕು. ಉಳ್ಳವರ ಮನೆಯ ದಾನವಲ್ಲ ಇದು. ಸ್ವತಃ ಹನ್ನೆರಡು ಮಕ್ಕಳನ್ನು ಹೆತ್ತು, ಅವುಗಳಲ್ಲಿ ನಾಲ್ಕನ್ನು ಎಳವೆಯಲ್ಲೇ ಕಳೆದುಕೊಂಡ ತಾಯಿ ಅವರು. ಉಳಿದ ಎಂಟು ಮಕ್ಕಳ ಹೊಟ್ಟೆ ತುಂಬಿಸಬೇಕು. ಅಂಥ ಮನೆಯ ಬಾಗಿಲು ಬಡಿದು ಯಾರೋ ಕರೆದರೆ, ಮುದ್ದೆಗೆ ಎಸರಿಟ್ಟಿದ್ದರೂ ಒಲೆ ಆರಿಸಿ ಏಳಬೇಕಾಗುತ್ತದೆ. ಹೆರಿಗೆ ಹೊತ್ತು ನೋಡಿ ಬರುವುದಿಲ್ಲ. ಚೊಚ್ಚಲು ಬಸುರಿಯಾದರೆ ಹಗಲು ರಾತ್ರಿ ಎರಡೂ ಆಕೆಯ ಬೆನ್ನು ನೀವುತ್ತಾ ಕೂರಬೇಕು. ಮಗು ಬಂದಮೇಲೂ ಕೆಲಸ ಮುಗಿಯದು: ಹೊಕ್ಕುಳ ಬಳ್ಳಿ ಕೊಯ್ಯುವುದು, ಕಸ ಪೂರಾ ಬಿತ್ತೇ ಎಂದು ನೋಡುವುದು, ಕೂಸಿಗೆ ಎಣ್ಣೆ ನೀರು, ಬಾಣಂತಿಗೆ ಪಥ್ಯ. ಸೂಲಗಿತ್ತಿ ಕೈಯಾಡಿಸಿದ ಮೈಲಿಗೆಯನ್ನು ಬೇರೆ ಯಾರೂ ಮುಟ್ಟಲೊಲ್ಲರು. ಹೆರಿಗೆ ಮುಗಿದ ಮರುದಿನ ಅದೇ ಸೂಲಗಿತ್ತಿಯನ್ನು ಹೊರಗಿನವಳಂತೆ ಕಂಡ ಮನೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇದ್ದವು. ಅದನ್ನು ಮುಚ್ಚಿಟ್ಟು ಊರ ಚರಿತ್ರೆ ಬರೆಯಬಾರದು.

ಕೃಷ್ಣಾಪುರದ ದಾರಿಯಲ್ಲಿ ಅಲೆಮಾರಿಗಳು ಬಂದು ಹೋಗುತ್ತಿದ್ದರು. ಅವರ ಗುಡಾರಗಳಲ್ಲೂ ಬಸುರಿಯರಿರುತ್ತಿದ್ದರು, ನರಸಮ್ಮ ಅಲ್ಲಿಗೂ ಹೋದರು. ಬಸುರಿ ಬಾಣಂತಿಯರಿಗೆ ಕೊಡುವ ಗಿಡಮೂಲಿಕೆಯ ಮದ್ದು ತಯಾರಿಸುವುದನ್ನು ಆ ಅಲೆಮಾರಿಗಳಿಂದಲೇ ಕಲಿತರು. ಈ ಕೊಡುಕೊಳ್ಳುವಿಕೆ ನನ್ನ ಮನಸ್ಸಿಗೆ ಬಹಳ ಹಿಡಿಸುತ್ತದೆ. ಊರಿನವರು ಅನುಮಾನದಿಂದ ನೋಡುವ ಜನರನ್ನು ಈಕೆ ಗುರುಗಳೆಂದು ಕಂಡರು. ಮುಂದೆ ಆ ಕೈಗಳು ಎಷ್ಟು ಪಳಗಿದವೆಂದರೆ, ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗು ಹೇಗೆ ಮಲಗಿದೆ, ತಲೆ ಎತ್ತ ಇದೆ, ಮಿಡಿತ ಹೇಗಿದೆ ಎಂದು ಹೇಳುತ್ತಿದ್ದರು. ಓದಿದ ವೈದ್ಯರು ಕೂಡ ಅದನ್ನು ಕಂಡು ಬೆರಗಾಗಿದ್ದಾರೆ.

ಮನೆಯ ಹೆರಿಗೆಯೇ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ. ರಕ್ತ ನಿಲ್ಲದೆ, ಮಗು ಅಡ್ಡ ತಿರುಗಿ, ನಂಜೇರಿ ಸತ್ತ ತಾಯಂದಿರ ಕಥೆ ಪ್ರತಿ ಹಳ್ಳಿಯಲ್ಲೂ ಇದೆ. ಪಾವಗಡದಂಥ ಕಡೆ ಎತ್ತಿನ ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಟರೆ ದಾರಿಯಲ್ಲೇ ಜೀವ ಹೋಗುವಷ್ಟು ದೂರ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಹಿಂದೆಯೇ ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108ರ ಆಂಬುಲೆನ್ಸ್ ಓಡಲು ಶುರುವಾಯಿತು. ಈಗಿನ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದು ಆಸ್ಪತ್ರೆಗೆ ಹೋಗುತ್ತಾರೆ, ಹೋಗಲೇಬೇಕು. ನನ್ನ ಮಾತು ಇಷ್ಟೇ: ಸರ್ಕಾರ ಬರುವ ಮೊದಲಿನ ಅಷ್ಟೂ ವರ್ಷ ಈ ಸೀಮೆಯ ಬಸುರಿಯರ ಬಳಿ ಒಬ್ಬ ಅಜ್ಜಿ ಕೂತಿದ್ದರು. ಪಾವಗಡದಲ್ಲಿ ಜನವಸತಿ ಉಳಿದಿದ್ದಕ್ಕೆ ಕೋಟೆಯ ಗೋಡೆಗಿಂತ ಅದು ದೊಡ್ಡ ಕಾರಣ.

ಪಾವಗಡ ಪತ್ರಿಕೆಗಳಲ್ಲಿ ಕಾಣುತ್ತಿದ್ದುದು ಕೆಟ್ಟ ಸುದ್ದಿಗೇ. ಬರ, ಗುಳೆ, ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ, ಮೂಳೆ ಬಾಗಿದ ಜನ. 2005ರಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಪೊಲೀಸರನ್ನು ಕೊಂದಾಗ ನಾಡೆಲ್ಲ ನಮ್ಮ ಹೆಸರು ಕೇಳಿತು. 2018 ಬೇರೆಯಾಗಿತ್ತು. ಆ ಜನವರಿಯಲ್ಲಿ ನರಸಮ್ಮನವರಿಗೆ ಪದ್ಮಶ್ರೀ ಘೋಷಣೆಯಾಯಿತು. ಮಾರ್ಚ್ 1ರಂದು ತಿರುಮಣಿಯಲ್ಲಿ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ರೈತರು ಸುಮಾರು 13,000 ಎಕರೆಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಮುಂದೆ ಅಲ್ಲಿ 2,050 ಮೆಗಾವಾಟ್ ವಿದ್ಯುತ್ತಿನ ಸಾಮರ್ಥ್ಯ ಬಂತು. ಬೆಳೆ ಸುಡುತ್ತಿದ್ದ ಬಿಸಿಲೇ ಬಾಡಿಗೆ ತರತೊಡಗಿತು. ಒಂದೇ ವರ್ಷದಲ್ಲಿ ತಾಲೂಕಿಗೆ ಎರಡು ಹೆಮ್ಮೆ. ನನ್ನನ್ನು ಕೇಳಿದರೆ ಅಜ್ಜಿಯದೇ ಹಿರಿದು.

ಮನ್ನಣೆ ಅವರಿಗೆ ತಡವಾಗಿ ಸಿಕ್ಕಿತು, ಸಿಕ್ಕಮೇಲೆ ಒಂದರ ಹಿಂದೆ ಒಂದು. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್. ಅಕ್ಷರ ಬಾರದ ಅಜ್ಜಿ ಡಾಕ್ಟರ್ ನರಸಮ್ಮ ಆದರು. ರಾಷ್ಟ್ರಪತಿ ಭವನದಲ್ಲಿ ತೊಂಬತ್ತು ದಾಟಿದ ಆ ಹಣ್ಣುಜೀವ ಪದ್ಮಶ್ರೀ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡುವಾಗ, ಅವರ ಕೈಯಲ್ಲಿ ಭೂಮಿಗೆ ಬಂದ ಎಷ್ಟು ಜನ ಎಲ್ಲೆಲ್ಲಿ ಕೂತು ನೋಡುತ್ತಿರಬಹುದು ಎನಿಸಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ, ಅನಂತಪುರದ ಮಂಡಿಯಲ್ಲಿ, ತಿರುಮಣಿಯ ಸೋಲಾರ್ ಫಲಕಗಳ ನಡುವೆ. ಅದೇ ವರ್ಷ ಡಿಸೆಂಬರ್ 25ರಂದು ಅಜ್ಜಿ ತೀರಿಕೊಂಡರು. ಆಗ 98 ವರ್ಷ.

ನರಸಮ್ಮನವರ ಹೆಸರಾದರೂ ಉಳಿಯಿತು. ಪಾವಗಡ, ಮಧುಗಿರಿ, ಶಿರಾ ಸೀಮೆಯ ಊರೂರಿನಲ್ಲೂ ಇಂಥ ಒಬ್ಬೊಬ್ಬ ಅಜ್ಜಿ ಇದ್ದರು, ಅವರ ಹೆಸರು ಪ್ರಶಸ್ತಿಯ ಪಟ್ಟಿಗೆ ಬರಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳು ಊರ ಚರಿತ್ರೆ ಬರೆಸುವಾಗ ಗುಡಿ, ಕೆರೆ, ವೀರಗಲ್ಲುಗಳ ಜೊತೆಗೆ ಇವರನ್ನೂ ಸೇರಿಸಬೇಕು. ಕೆಲಸ ಕಷ್ಟದ್ದಲ್ಲ. ಈಗ ಅರವತ್ತು ಎಪ್ಪತ್ತು ದಾಟಿದ ಯಾರನ್ನಾದರೂ ಜಗುಲಿಯ ಮೇಲೆ ಕೂರಿಸಿಕೊಂಡು, "ನಿಮ್ಮನ್ನ ಎತ್ಕೊಂಡೋರು ಯಾರು?" ಎಂದು ಕೇಳಿದರೆ ಹೆಸರು ಹೇಳುತ್ತಾರೆ. ಆ ಅಜ್ಜಿ ಯಾರ ಮನೆಯವರು, ಯಾವ ಕೇರಿಯವರು, ಯಾರಿಂದ ಕಲಿತರು, ಯಾವ ಮದ್ದು ಅರೆಯುತ್ತಿದ್ದರು ಎಂಬುದೂ ಬರುತ್ತದೆ. ಈ ವರ್ಷವೇ ಶುರು ಮಾಡಬೇಕು, ಹೇಳುವವರು ಇನ್ನೂ ಇದ್ದಾರೆ.