ತಿಳವಳ್ಳಿಯ ತೊಟ್ಟಿಲುಗಳೂ ಸಿಡುಬಿನ ಲಸಿಕೆಯೂ



ಹಾನಗಲ್ಲು ಸೀಮೆಯ ತಿಳವಳ್ಳಿಯನ್ನು ಇತಿಹಾಸಪ್ರಿಯರು 13ನೆಯ ಶತಮಾನದ ಶಾಂತೇಶ್ವರ ದೇವಾಲಯದಿಂದ ಬಲ್ಲರು. ಆ ಸೀಮೆಯ ಶಿಶುಗಳ ಚರಿತ್ರೆಯನ್ನು ಅಷ್ಟಾಗಿ ಯಾರೂ ವಿಚಾರಿಸುವುದಿಲ್ಲ. 1956ಕ್ಕೆ ಮುಂಚೆ ತಿಳವಳ್ಳಿಯು ಮುಂಬಯಿ ಆಡಳಿತಕ್ಕೂ, ನೆರೆಯ ಸೊರಬವು ಮೈಸೂರಿಗೂ ಸೇರಿದ್ದವು. ಸರಕಾರಗಳು ಎರಡಾದರೂ ತೊಟ್ಟಿಲುಗಳ ಶತ್ರು ಒಂದೇ ಆಗಿದ್ದಿತು. ಅದು ಸಿಡುಬು. ಧಾರವಾಡದ ಕಡೆಯವರು ಅದನ್ನು ‘ದೇವಿ’ ಎಂದರು. ಮೈಸೂರಿನ ಕಡೆಯವರು ‘ಅಮ್ಮ’ ಎಂದರು. ಬೇವಿನ ಸೊಪ್ಪನ್ನು ಹಾಸಿ, ಹರಕೆ ಹೊತ್ತು ಕಾಯುವುದಲ್ಲದೆ ತಾಯಂದಿರಿಗೆ ಬೇರೆ ದಾರಿಯಿರಲಿಲ್ಲ. ಉಗ್ರ ಸಿಡುಬು ತಗುಲಿದ 100 ಮಂದಿಯಲ್ಲಿ ಸುಮಾರು 30 ಮಂದಿ ಸಾಯುತ್ತಿದ್ದರು. ಹಸುಳೆಗಳಲ್ಲಿ ಸಾವು ಇನ್ನೂ ಅಧಿಕ. ಉಳಿದವರಲ್ಲಿ ಹಲವರು ಕಲೆಗಳನ್ನು ಹೊತ್ತರು; ಕೆಲವರು ಕಣ್ಣುಗಳನ್ನೇ ಕಳೆದುಕೊಂಡರು.

ಹಸುವಿನ ಸಿಡುಬಿನ ರಸವು ಮನುಷ್ಯನ ಸಿಡುಬನ್ನು ತಡೆಯುವುದೆಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು 1796ರಲ್ಲಿ 8 ವರುಷದ ಬಾಲಕನೊಬ್ಬನ ಮೇಲೆ ಪರೀಕ್ಷಿಸಿದನು. ಆ ರಸವು ಬಾಗದಾದು, ಬಸ್ರಾಗಳ ಮಾರ್ಗವಾಗಿ ಮುಂಬಯಿಯನ್ನು ಸೇರಿ, 1802ರ ಜೂನ್ 14ರಂದು ಆನ್ನಾ ಡಸ್ಟ್‌ಹಾಲ್ ಎಂಬ 3 ವರುಷದ ಬಾಲಿಕೆಯ ತೋಳಿನಲ್ಲಿ ಫಲಿಸಿತು. ಭಾರತದಲ್ಲಿ ಲಸಿಕೆ ಹರಡಿದುದು ಆ ತೋಳಿನಿಂದ. ಮೈಸೂರಿನಲ್ಲಿ ಥಾಮಸ್ ಹಿಕಿಯು 1805ರ ಸುಮಾರಿಗೆ ಬರೆದ ಅರಸಿಯರ ಚಿತ್ರವೊಂದುಂಟು. ಅದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ಲಸಿಕೆ ಪಡೆದ ತೋಳನ್ನು ತೋರಿಸುತ್ತಿರುವಳೆಂದು ಆಧುನಿಕ ವಿದ್ವಾಂಸರೊಬ್ಬರು ವಿವರಿಸಿದ್ದಾರೆ.

ಹಳ್ಳಿಯ ತಾಯಿಯ ಕಷ್ಟವು ಬೇರೆ. ಅಂದು ಲಸಿಕೆಯನ್ನು ಕೆಡದಂತೆ ಇಡುವ ಉಪಾಯವಿರಲಿಲ್ಲ. ಒಂದು ಮಗುವಿಗೆ ಹಾಕಿದ ಎಂಟನೆಯ ದಿನ, ಅದರ ತೋಳಿನ ಬೊಬ್ಬೆಯಿಂದ ರಸವನ್ನು ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರು. ಜ್ವರದಲ್ಲಿ ನರಳುವ ಕಂದನ ಹುಣ್ಣನ್ನು ಪರರಿಗಾಗಿ ಕೆದಕಲು ತಾಯಿಯು ಹಿಂಜರಿದರೆ, ಅದನ್ನು ಬರಿಯ ಮೌಢ್ಯವೆನ್ನುವುದು ನ್ಯಾಯವಲ್ಲ. ಒಬ್ಬರ ರಸದೊಡನೆ ಬೇರೆ ರೋಗಗಳೂ ದಾಟಬಹುದಾಗಿದ್ದುದನ್ನು ವೈದ್ಯರೇ ಕಂಡರು. ಮುಂದೆ ಕರುವಿನ ಲಸಿಕೆಯು ಬಳಕೆಗೆ ಬಂದು, 20ನೆಯ ಶತಮಾನದ ಆದಿಯಲ್ಲಿ ಬೆಳಗಾವಿಯಲ್ಲಿಯೇ ಅದನ್ನು ಸಿದ್ಧಪಡಿಸುವ ಸಂಸ್ಥೆ ಏರ್ಪಟ್ಟ ಮೇಲೆ ಆ ಬಾಧೆ ತಪ್ಪಿತು. ಜನರೂ ತಮ್ಮದೇ ರೀತಿಯಲ್ಲಿ ಅದನ್ನು ಒಪ್ಪಿಕೊಂಡರು. ರೋಗದ ಹೆಸರನ್ನೇ ಮದ್ದಿಗೂ ಇಟ್ಟು ‘ದೇವಿ ಹಾಕಿಸುವುದು’ ಎಂದರು. ಮೈಸೂರಿನವರಿಗೆ ಅದು ‘ದಾಕು’ ಆಯಿತು.

1962ರಲ್ಲಿ ದೇಶವ್ಯಾಪಿಯಾದ ನಿರ್ಮೂಲನ ಕಾರ್ಯವು ಮೊದಲಾಯಿತು. 1975ರ ಮೇ ತಿಂಗಳು ಭಾರತದ ಕೊನೆಯ ಸಿಡುಬನ್ನು ಕಂಡಿತು. 1980ರ ಮೇ 8ರಂದು ಜಗತ್ತೇ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯು ಸಾರಿತು. ಆದುದರಿಂದಲೇ ಇಂದಿನ ಎಳೆಯರ ತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತಿಲ್ಲ.

ದಡಾರ, ಪೋಲಿಯೊಗಳ ಲಸಿಕೆಗೆ ಇಂದೂ ತಾಯಂದಿರು ಮಕ್ಕಳನ್ನು ಕರೆತರುತ್ತಾರೆ. ಅವರಲ್ಲಿ ಒಬ್ಬಳು ಅಂಜಿ ನಿಂತರೆ ಗದರಿಸದೆ, ತಿಳಿಯುವಂತೆ ಉತ್ತರ ಹೇಳುವುದು ನಮ್ಮ ಧರ್ಮ. ಸಿಡುಬು ತೊಲಗಿದುದು ಮದ್ದಿನ ಬಲದಿಂದ ಮಾತ್ರವಲ್ಲ. ಅಂಜಿಕೆಯಿದ್ದೂ ಮಗುವಿನ ತೋಳನ್ನು ಮುಂದೆ ಹಿಡಿದ ಅಸಂಖ್ಯ ತಾಯಂದಿರ ನಂಬಿಕೆಯಿಂದಲೂ ಅದು ಸಾಧ್ಯವಾಯಿತು.