ಮಾಲ್ಗುಡಿ ಖಾತೆಗೆ ಜಮೆಯಾದ ಅರಸಾಳು

ಇವತ್ತಿನ ಸಂಚಿಕೆ ಒಂದು ರೈಲ್ವೆ ಸ್ಟೇಷನ್ ಬಗ್ಗೆ. ಜಂಕ್ಷನ್ ಅಲ್ಲ, ದೊಡ್ಡ ಊರಿನದ್ದೂ ಅಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗೋ ರೈಲಲ್ಲಿ ಕೂತರೆ ಕುಂಸಿ ದಾಟಿದ ಮೇಲೆ, ಆನಂದಪುರಕ್ಕಿಂತ ಮುಂಚೆ ಬರೋ ಅರಸಾಳು. ಹೊಸನಗರ ತಾಲ್ಲೂಕು. ಸುತ್ತ ಕಾಡು, ನಡುವೆ ಗದ್ದೆ.

ಹೋದ ಬೇಸಿಗೆಯಲ್ಲಿ ನಮ್ಮ ಅಜ್ಜಿಯನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ. ಅಜ್ಜಿಯ ತವರು ಆನಂದಪುರದ ಕಡೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಹಬ್ಬಕ್ಕೆ, ಬಾಣಂತನಕ್ಕೆ ಎಲ್ಲಾ ಇದೇ ದಾರೀಲಿ ಓಡಾಡಿದವರು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಇದ್ದಿಲ ಚೂರು ಬೀಳ್ತಿತ್ತು, ಊರು ತಲುಪೋ ಹೊತ್ತಿಗೆ ಬಿಳಿ ಸೀರೆ ಬೂದಿ ಬಣ್ಣಕ್ಕೆ ತಿರುಗ್ತಿತ್ತು ಅಂತ ಈಗಲೂ ಹೇಳ್ತಾರೆ. ಆ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ಮಾಲ್ಗುಡಿ. ಆರ್.ಕೆ. ನಾರಾಯಣ್ ಅವರ ಈ ಊರು ಯಾವ ನಕ್ಷೆಯಲ್ಲೂ ಇಲ್ಲ ಅನ್ನೋದು ನಿಮಗೆ ಗೊತ್ತು. ಆದ್ರೆ ಅದು ಹುಟ್ಟಿದ್ದು ಹೇಗೆ ಅನ್ನೋದು ಸ್ವಾರಸ್ಯ. ‘ಮೈ ಡೇಸ್’ ಅನ್ನೋ ಆತ್ಮಕಥೆಯಲ್ಲಿ ಅವರೇ ಹೇಳ್ಕೊಂಡಿದ್ದಾರೆ: ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ ಹೊಸ ನೋಟ್‌ಬುಕ್ ತಂದು ಬರೆಯೋಕೆ ಕೂತಾಗ ಅವರ ಮನಸ್ಸಿಗೆ ಬಂದದ್ದು ಒಂದು ಪುಟ್ಟ ರೈಲ್ವೆ ಸ್ಟೇಷನ್ ಇರೋ ಮಾಲ್ಗುಡಿ. ಅಂದ್ರೆ ಊರಿನ ಜೊತೆಗೇ ಸ್ಟೇಷನ್ನೂ ಹುಟ್ಟಿತ್ತು. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಮುಗಿಯೋದೂ ಪ್ಲಾಟ್‌ಫಾರ್ಮ್ ಮೇಲೆ. ರಾಜಂ ರೈಲು ಹತ್ತಿ ಹೋಗ್ತಾನೆ, ಸ್ವಾಮಿ ಪುಸ್ತಕ ಹಿಡ್ಕೊಂಡು ಓಡ್ತಾನೆ. 1958ರ ‘ದಿ ಗೈಡ್’ನಲ್ಲಿ ಊರಿಗೆ ಹಳಿ ಬರೋದು, ರಾಜುವಿನ ಅಪ್ಪನಿಗೆ ಸ್ಟೇಷನ್‌ನಲ್ಲಿ ಅಂಗಡಿ ಸಿಗೋದು, ಅಲ್ಲಿಂದಲೇ ಇಡೀ ಕಥೆ ಹೊರಳೋದು.

1980ರ ದಶಕದಲ್ಲಿ ಶಂಕರ್ ನಾಗ್ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡೋಕೆ ಹೊರಟಾಗ ಊರಿಗೇನೋ ಆಗುಂಬೆ ಸಿಕ್ತು. ಆದ್ರೆ ಆಗುಂಬೆಗೆ ರೈಲೇ ಇಲ್ಲ! ಘಟ್ಟದ ಅಂಚಿನ ಆ ಊರಿಗೆ ಇವತ್ತಿಗೂ ಹಳಿ ಹೋಗಿಲ್ಲ. ಹಾಗಾಗಿ ಸ್ಟೇಷನ್ನನ್ನ ಬೇರೆ ಕಡೆಯಿಂದ ಸಾಲ ತರಬೇಕಾಯ್ತು. ಸಿಕ್ಕಿದ್ದು ಅರಸಾಳು. ಮೀಟರ್‌ಗೇಜ್ ಹಳಿ, ಚಿಕ್ಕ ಕಟ್ಟಡ, ಹಿಂದೆ ಮರಗಳು. ಹಳೇ ಕಾಲದ ಸ್ಟೇಷನ್ ಮಾಡೋಕೆ ಹೆಚ್ಚೇನೂ ಮುಚ್ಚಿಡಬೇಕಾಗಿರಲಿಲ್ಲ ಅನ್ಸತ್ತೆ.

ಈ ಮಾರ್ಗದ ಕಥೆ ಒಂಥರಾ ಹಿಂದೆ ಉಳಿದುಹೋದವರ ಕಥೆ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಅಲ್ಲಿಂದ ಕಾಡಿನೊಳಗೆ ತಾಳಗುಪ್ಪದ ತನಕ ಹಳಿ ಮುಂದುವರಿಯೋಕೆ ದಶಕಗಳೇ ಬೇಕಾದವು. ಆಮೇಲೆ 1990ರ ದಶಕದಲ್ಲಿ ಶಿವಮೊಗ್ಗದ ತನಕ ಬ್ರಾಡ್‌ಗೇಜ್ ಆಯ್ತು, ತಾಳಗುಪ್ಪದ ಹಳಿ ಮಾತ್ರ ಮೀಟರ್‌ಗೇಜಲ್ಲೇ ಉಳೀತು. ಮೀಟರ್‌ಗೇಜ್ ಅಂದ್ರೆ ಹಳಿಗಳ ನಡುವೆ 1,000 ಮಿಲಿಮೀಟರ್. ಬ್ರಾಡ್‌ಗೇಜ್ ಅಂದ್ರೆ 1,676. ಅತ್ತಲಿನ ಗಾಡಿ ಇತ್ತ ಬರೋ ಹಾಗಿಲ್ಲ, ಇತ್ತಲಿನದ್ದು ಅತ್ತ ಹೋಗೋ ಹಾಗಿಲ್ಲ. ಕೊನೆಕೊನೆಗೆ ಹಳಿ ಮೇಲೆ ಬಸ್ಸಿನಂಥ ರೈಲ್‌ಬಸ್ ಓಡಾಡ್ತಿತ್ತು. ತಾಳಗುಪ್ಪದ ತನಕ ಬ್ರಾಡ್‌ಗೇಜ್ ಮುಟ್ಟಿದ್ದು 2011ರ ಹೊತ್ತಿಗೆ.

ಗೇಜ್ ಬದಲಾದಾಗ ಬರೀ ಹಳಿ ಬದಲಾಗಲ್ಲ. ಪ್ಲಾಟ್‌ಫಾರ್ಮ್ ಬದಲಾಗತ್ತೆ, ಸಿಗ್ನಲ್ ಬದಲಾಗತ್ತೆ. ಅರಸಾಳಿಗೂ ಹೊಸ ಕಟ್ಟಡ ಬಂತು, ಹಳೇದು ಕೆಲಸಕ್ಕೆ ಬಾರದ್ದಾಗಿ ಪಕ್ಕದಲ್ಲೇ ಉಳೀತು. ಪಾಳು ಬಿತ್ತು.

ನಾನು ಬಿಕಾಂ ಓದಿದವನು, ನನಗೆ ಎಲ್ಲಾನೂ ಲೆಕ್ಕದ ಪುಸ್ತಕದ ಹಾಗೇ ಕಾಣತ್ತೆ, ಕ್ಷಮಿಸಿ. ಇಂಥ ಕಟ್ಟಡಕ್ಕೆ ವರ್ಷ ವರ್ಷ ಸವಕಳಿ ಕಳೀತಾ ಬಂದ್ರೆ ಕೊನೆಗೆ ಉಳಿಯೋದು ಗುಜರಿ ಬೆಲೆ. ಬಾಗಿಲು ಇಷ್ಟು, ಕಬ್ಬಿಣ ಇಷ್ಟು. ಆದ್ರೆ ಲೆಕ್ಕದಲ್ಲಿ ಇನ್ನೊಂದು ಆಸ್ತಿ ಇದೆ, ಗುಡ್‌ವಿಲ್ ಅಂತಾರೆ. ಕೈಗೆ ಸಿಗಲ್ಲ, ಹೆಸರಿಗೆ ಇರೋ ಬೆಲೆ ಅದು. ಅರಸಾಳನ್ನ ಉಳಿಸಿದ್ದು ಆ ಗುಡ್‌ವಿಲ್. ಅದೂ ತನ್ನ ಹೆಸರಿನದ್ದಲ್ಲ, ಇಲ್ಲದೇ ಇರೋ ಒಂದು ಊರಿನದ್ದು.

ನೈರುತ್ಯ ರೈಲ್ವೆ ಆ ಕಟ್ಟಡವನ್ನ ರಿಪೇರಿ ಮಾಡಿಸಿ 2020ರಲ್ಲಿ ‘ಮಾಲ್ಗುಡಿ ಮ್ಯೂಸಿಯಂ’ ಮಾಡ್ತು. ಕೆಲಸ ಮಾಡಿದ್ದು ಜಾನ್ ದೇವರಾಜ್, ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದವರೇ. ಚಹಾ ಕುಡಿಯೋಕೆ ಹಳೇ ಬೋಗಿಯಲ್ಲಿ ‘ಮಾಲ್ಗುಡಿ ಚಾಯ್’ ಇದೆ. ಸ್ಟೇಷನ್ ಹೆಸರನ್ನೇ ಮಾಲ್ಗುಡಿ ಅಂತ ಬದಲಿಸೋ ಪ್ರಸ್ತಾವವೂ ಬಂದಿತ್ತು. ನಾರಾಯಣ್ ಅವರ ‘ಲಾಲಿ ರೋಡ್’ ಕಥೆ ಓದಿದವರಿಗೆ ನಗು ಬರಬೇಕು. ಸ್ವಾತಂತ್ರ್ಯ ಬಂದ ಖುಷಿಯಲ್ಲಿ ಮಾಲ್ಗುಡಿ ಮುನಿಸಿಪಾಲಿಟಿ ಬೀದಿಗಳ ಹೆಸರೆಲ್ಲ ಬದಲಿಸಿ, ಕೊನೆಗೆ ಯಾವ ಬೀದಿ ಎಲ್ಲಿದೆ ಅಂತ ಯಾರಿಗೂ ಗೊತ್ತಾಗದ ಹಾಗೆ ಮಾಡಿರತ್ತೆ. ನಮ್ಮ ಪುಣ್ಯ, ಟಿಕೆಟ್ ಮೇಲೆ ಇನ್ನೂ ಅರಸಾಳು ಅಂತಲೇ ಇದೆ.

ನಾನು ದೂರ್ತಾ ಇಲ್ಲ. ಕಥೆಯ ಕೈ ಹಿಡೀದೇ ಹೋಗಿದ್ರೆ ಆ ಕಟ್ಟಡ ಇವತ್ತು ಇರ್ತಿರಲಿಲ್ಲ ಅನ್ನೋದೇ ನನ್ನ ಅಂದಾಜು. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಅವರ ಸ್ವಂತ ಮನೆಯನ್ನೇ 2011ರಲ್ಲಿ ಕೆಡವೋಕೆ ಶುರು ಮಾಡಿದ್ರು. ಜನ ಗಲಾಟೆ ಮಾಡಿದ ಮೇಲೆ ನಿಂತು, 2016ರಲ್ಲಿ ಮ್ಯೂಸಿಯಂ ಆಯ್ತು. ಬರೆದವರ ಮನೆಗೇ ಆ ಗತಿ ಅಂದ ಮೇಲೆ ಬರೀ ಸ್ಟೇಷನ್ ಯಾವ ಲೆಕ್ಕ? ಯಲಹಂಕ–ಚಿಕ್ಕಬಳ್ಳಾಪುರ ಹಳಿ ಮೇಲಿನ ನಂದಿ ಹಾಲ್ಟ್ ನೂರು ವರ್ಷ ದಾಟಿದ ಸ್ಟೇಷನ್. ಅದನ್ನ ಇಂಟಾಕ್ ಬೆಂಗಳೂರು ಶಾಖೆಯವರು ಕೈಗೆತ್ಕೊಂಡು ಸರಿಮಾಡಿದ್ದಾರೆ. ಆದ್ರೆ ಧಾರಾವಾಹಿನೂ ಇಲ್ಲದ, ಇಂಟಾಕೂ ಬರದ ಸ್ಟೇಷನ್‌ಗಳು ಎಷ್ಟಿಲ್ಲ?

ಈಗ ಅಜ್ಜಿ. ಮ್ಯೂಸಿಯಂ ಒಳಗೆಲ್ಲಾ ನಿಧಾನಕ್ಕೆ ನೋಡ್ತಾ ಬಂದ್ರು. ಸ್ವಾಮಿಯ ಮುಂದೆ ನಿಂತು, ‘ಈ ಹುಡುಗ ಯಾರು ಮಗಾ? ಇದೇ ಊರಿನವನಾ?’ ಅಂದ್ರು. ಅವರ ಮನೇಲಿ ಆಗ ಟಿ.ವಿ. ಇರಲಿಲ್ಲ. ನಾನು ಕಥೆಯೆಲ್ಲಾ ಹೇಳಿದೆ. ಕೇಳಿಸ್ಕೊಂಡು, ‘ಚೆನ್ನಾಗಿದೆ’ ಅಂದ್ರು. ಆಮೇಲೆ ಹೊರಗೆ ಬಂದು ಕಟ್ಟೆ ಮೇಲೆ ಕೂತು ಅವರ ಕಥೆ ಶುರುವಾಯ್ತು. ಮಳೆಗಾಲದಲ್ಲಿ ಗಾಡಿ ತಡವಾಗಿ, ಕೂಸು ಕಟ್ಕೊಂಡು ರಾತ್ರಿ ಇಲ್ಲೇ ಕಾದಿದ್ದು. ಸ್ಟೇಷನ್ ಮಾಸ್ತರ ಹೆಂಡತಿ ಕೂಸಿಗೆ ಬಿಸಿ ಹಾಲು ಕಳಿಸಿದ್ದು. ಆ ಕೂಸು ನಮ್ಮ ದೊಡ್ಡಮ್ಮ.

ಇದನ್ನ ನಾನು ಮೊದಲ ಸಲ ಕೇಳಿದ್ದು. ಇಪ್ಪತ್ತೆಂಟು ವರ್ಷ ಒಂದೇ ಮನೇಲಿದ್ದೂ ಕೇಳಿರಲಿಲ್ಲ. ಮೊಬೈಲ್ ತೆಗೆದು ರೆಕಾರ್ಡ್ ಒತ್ತೋ ಹೊತ್ತಿಗೆ ಅರ್ಧ ಮುಗಿದಿತ್ತು. ಮತ್ತೆ ಹೇಳಿ ಅಂದ್ರೆ, ‘ಹೇಳಿದ್ನಲ್ಲ’ ಅಂತ ಚಹಾ ಕಡೆ ಕೈ ತೋರ್ಸಿದ್ರು.

ಆ ಗೋಡೆಗಳ ಒಳಗೆ ಸ್ವಾಮಿಗೆ ಜಾಗ ಇದೆ, ಇರ್ಲಿ. ಆ ಮಾಸ್ತರ ಹೆಂಡತಿಗೂ ಒಂದು ಮೂಲೆ ಇದ್ದಿದ್ರೆ ಅನ್ಸತ್ತೆ ನಂಗೆ. ನಿಮ್ಮ ಮನೇಲಿ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಗಾಡೀಲಿ ಓಡಾಡಿದವರು, ಅಲ್ಲಿ ಕೆಲಸ ಮಾಡಿದವರು ಇದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಹಳೇ ರಟ್ಟಿನ ಟಿಕೆಟ್ ಇದ್ರೆ ಅದರ ಫೋಟೋನೂ ಕಳಿಸಿ. ಮುಂದಿನ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದ್ದೀನಿ. ಅಜ್ಜಿಯ ರೆಕಾರ್ಡಿಂಗ್, ಸಿಕ್ಕಷ್ಟು, ಅದರಲ್ಲೇ ಹಾಕ್ತೀನಿ.