ಸಾರನಾಥದ ಸಿಂಹಶೀರ್ಷ ಮತ್ತು ಭಾರತದ ರಾಷ್ಟ್ರಲಾಂಛನ

ಬುದ್ಧನು ಮೊದಲ ಉಪದೇಶ ನೀಡಿದ ಸಾರನಾಥದಲ್ಲಿ ಮೌರ್ಯ ಚಕ್ರವರ್ತಿ ಅಶೋಕನು ಕ್ರಿ.ಪೂ. 3ನೆಯ ಶತಮಾನದಲ್ಲಿ ನಿಲ್ಲಿಸಿದ ಕಂಬದ ಬೋದಿಗೆ, ಅಂದರೆ ಕಂಬದ ತಲೆಯ ಮೇಲಿನ ಶಿಲ್ಪಭಾಗವು, 1904-05ರ ಉತ್ಖನನದಲ್ಲಿ ದೊರೆಯಿತು. ಬೆನ್ನಿಗೆ ಬೆನ್ನು ತಾಗಿಸಿದ ನಾಲ್ಕು ಸಿಂಹಗಳು, ಅವುಗಳ ಕೆಳಗಿನ ದುಂಡುಪಟ್ಟಿಯಲ್ಲಿ ಚಕ್ರಗಳ ನಡುವೆ ಸಾಗುವ ಆನೆ, ಕುದುರೆ, ಗೂಳಿ ಮತ್ತು ಸಿಂಹ, ಜೊತೆಗೆ ಎರಡು ಸಾವಿರ ವರ್ಷ ಕಳೆದರೂ ಮಾಸದ ಕಲ್ಲಿನ ಹೊಳಪು, ಇದನ್ನು ಭಾರತೀಯ ಶಿಲ್ಪಕಲೆಯ ಅತ್ಯುನ್ನತ ಸಾಧನೆಗಳ ಸಾಲಿನಲ್ಲಿ ನಿಲ್ಲಿಸಿವೆ.

ವಿಭಜನೆಯ ಗಾಯ ಹಸಿಯಾಗಿದ್ದ, ನೂರಾರು ಸಂಸ್ಥಾನಗಳು ಒಕ್ಕೂಟವನ್ನು ಸೇರುತ್ತಿದ್ದ ಕಾಲದಲ್ಲಿ, ಯಾವುದೇ ಒಂದು ಪ್ರಾಂತಕ್ಕೋ ಭಾಷೆಗೋ ಮೀಸಲಾಗದ ಗುರುತು ಹೊಸ ರಾಷ್ಟ್ರಕ್ಕೆ ಅಗತ್ಯವಾಗಿತ್ತು. ಸಂವಿಧಾನ ಸಭೆಯು 1947ರ ಜುಲೈ 22ರಂದು ಅಂಗೀಕರಿಸಿದ ಧ್ವಜದ ನಡುವೆ ಈ ಶಿಲ್ಪದ 24 ಅರೆಗಳ ಚಕ್ರವು ನೆಲೆಗೊಂಡಿತು. 1950ರ ಜನವರಿ 26ರಂದು ಸಿಂಹಶೀರ್ಷವೇ ರಾಷ್ಟ್ರಲಾಂಛನವಾಯಿತು. ಲಾಂಛನದಲ್ಲಿ ಮೂರು ಸಿಂಹಗಳಷ್ಟೇ ಕಾಣುತ್ತವೆ. ಮೂಲದ ಕವುಚಿದ ಕಮಲವನ್ನು ಕೈಬಿಟ್ಟು, ಮುಂಡಕೋಪನಿಷತ್ತಿನಿಂದ ಆಯ್ದ ಧ್ಯೇಯವಾಕ್ಯವನ್ನು ದೇವನಾಗರಿ ಲಿಪಿಯಲ್ಲಿ ಸೇರಿಸಲಾಗಿದೆ.

ಈ ಲಾಂಛನದ ಮೂಲವಾದ ಕಂಬವನ್ನು ನಿಲ್ಲಿಸಿದ ಅಶೋಕನಿಗೆ ಕನ್ನಡನಾಡಿನ ನಂಟೂ ಇದೆ. ಶಾಸನಗಳಲ್ಲಿ ‘ದೇವಾನಾಂಪಿಯ’, ಎಂದರೆ ದೇವತೆಗಳಿಗೆ ಪ್ರಿಯನಾದವನು, ಎಂದು ಕರೆಸಿಕೊಂಡ ದೊರೆಯು ಅಶೋಕನೇ ಎಂಬುದನ್ನು ದೃಢಪಡಿಸಿದ್ದು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನ ಎಂಬುದು ಕನ್ನಡನಾಡು ಹೆಮ್ಮೆಪಡಬೇಕಾದ ಸಂಗತಿ.